ಗಂಟಿನ ಮೇಲಿನ ಚೀಟಿ

ನನ್ನ ತಂಗಿಯ ಮಗಳು ಈಗ ಇದೇ ಕಸುಬಿಗೆ ಸೇರಿದ್ದಾಳೆ. ಕಾರವಾರದ ಮನೆಯ ಹೊರಜಗುಲಿಯಲ್ಲಿ ಕೂತು ಒಂದು ಗುಂಡಿ ಒತ್ತುತ್ತಾಳೆ. ಚಹಾ ಕುಡಿದು ಬರುವಷ್ಟರಲ್ಲಿ ಅವಳ ಆ್ಯಪ್ ಸಾವಿರ ಫೋನಿಗೆ ಹೋಗಿ ಕೂತಿರುತ್ತದೆ. "ದೊಡ್ಡಮ್ಮಾ, ನಿಮ್ಮ ಕಾಲದಲ್ಲಿ ಇಷ್ಟಕ್ಕೇ ಒಬ್ಬರಿಗೆ ಪೂರ್ತಿ ನೌಕರಿ ಇತ್ತಾ?" ಎಂದು ಮೊನ್ನೆ ಕೇಳಿದಳು. ಇತ್ತು ಮಾರಾಯ್ತಿ, ಇತ್ತು. ವರ್ಷಗಟ್ಟಲೆ ಅದೇ ಅನ್ನ ಉಂಡಿದ್ದೇನೆ. ಬೇರೆಯವರು ಬರೆದ ಪ್ರೋಗ್ರಾಮನ್ನು ಒಂದೊಂದು ಫೋನಿಗೂ ಹೊಂದುವ ಹಾಗೆ ಗಂಟು ಕಟ್ಟಿ, ಹೊತ್ತುಕೊಂಡು ಹೋಗಿ, ಜನರ ಕೈಯಲ್ಲಿದ್ದ ಫೋನಿಗೆ ತುಂಬಿ ಬರುವುದು ನನ್ನ ಕೆಲಸ. ಆಫೀಸಿನಲ್ಲಿ ನನಗೆ ಪ್ಯಾಕಿಂಗ್ ಬಾಯಿ ಎಂದೇ ಹೆಸರು. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಒಬ್ಬರು ನಾನು ಸಿಗಡಿಗೆ ಐಸು ಹಾಕಿ ಪ್ಯಾಕು ಮಾಡುವವಳು ಎಂದೇ ಬಹಳ ದಿನ ತಿಳಿದಿದ್ದರು.

ಅವಳಿಗೂ ಅವಳ ಓರಗೆಯವರಿಗೂ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಲಿಸುವಷ್ಟು ದೊಡ್ಡವಳು ನಾನಲ್ಲ. ಹಾಳು ಮಾಡಿದ್ದನ್ನು ಹೇಳುವ ಹಕ್ಕಂತೂ ನನಗಿದೆ.

ನಾನು ಅಂಕೋಲೆಯವಳು. ನಮ್ಮವರು ಗದ್ದೆ ಕೂಲಿಯವರು. ಸಮುದ್ರದ ಸದ್ದು ಕೇಳುತ್ತ ಬೆಳೆದರೂ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವರಲ್ಲ. ಎಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತು, ಕಾರವಾರದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಹರಾಜಿನ ನೋಟೀಸು, ಶ್ರದ್ಧಾಂಜಲಿ ಎಲ್ಲ ಹೊಂದಿಸುತ್ತಿದ್ದೆ. ಆ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸು ಬಂತು. ಮೀನುಗಾರರ ಸಂಘವೊಂದು ಅವರಿಗೆ ಕೆಲಸ ಕೊಟ್ಟಿತ್ತು: ಮೀನುಗಾರರ ಫೋನಿನಲ್ಲಿ ಗಾಳಿಯ ಎಚ್ಚರಿಕೆ ಬರಬೇಕು, ಪೇಟೆಯ ಮೀನಿನ ದರ ಬರಬೇಕು, ಅವರು ಏನಾದರೂ ಬರೆದಿಟ್ಟುಕೊಳ್ಳಲು ಒಂದು ಪುಟ್ಟ ಪುಸ್ತಕದಂಥದ್ದು ಇರಬೇಕು. ಎಲ್ಲ ಕನ್ನಡದಲ್ಲಿ. ಪ್ರೋಗ್ರಾಮು ಬರೆಯುವ ಮೂವರು ಹುಬ್ಬಳ್ಳಿಯಲ್ಲಿ. ಜಾವಾದಲ್ಲಿ ಒಮ್ಮೆ ಬರೆದರೆ ಸಾಕು, ಯಾವ ಕಂಪನಿಯ ಫೋನಿನಲ್ಲಾದರೂ ನಡೆಯುತ್ತದೆ ಎಂದು ಅವರು ಎದೆ ತಟ್ಟಿ ಹೇಳಿದ್ದರು.

ನಡೆಯುತ್ತಿತ್ತು, ಸುಳ್ಳಲ್ಲ. ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ಕುಂಟುತ್ತ. ಒಂದು ಫೋನಿನ ಪರದೆ ಬೆಂಕಿಪೆಟ್ಟಿಗೆಯಷ್ಟು, ಇನ್ನೊಂದರದು ಅದಕ್ಕಿಂತ ತುಸು ದೊಡ್ಡದು. ಒಂದರಲ್ಲಿ ಎಡಗುಂಡಿ ಒತ್ತಿದರೆ ಮುಂದೆ ಹೋಗುತ್ತಿತ್ತು, ಇನ್ನೊಂದರಲ್ಲಿ ಅದೇ ಗುಂಡಿ ಒತ್ತಿದರೆ ಆ್ಯಪೇ ಮುಚ್ಚಿಕೊಳ್ಳುತ್ತಿತ್ತು. ಹುಬ್ಬಳ್ಳಿಯವರ ಬಳಿ ಇದಕ್ಕೆಂದೇ ಒಂದು ಸಲಕರಣೆ ಇತ್ತು. ಯಾವ ಫೋನಿಗೆ ಎಂತದು ಬೇಕು ಎಂದು ಪಟ್ಟಿ ಬರೆದುಕೊಟ್ಟರೆ, ಒಂದೇ ಪ್ರೋಗ್ರಾಮಿನಿಂದ ಹತ್ತು ಬಗೆಯ ಗಂಟು ಕಟ್ಟಿಕೊಡುತ್ತಿತ್ತು. ಪಟ್ಟಿ ಬರೆಯುವವಳು ನಾನು.

ನನ್ನನ್ನು ಮಾಳಿಗೆ ಹತ್ತಿಸಿದ್ದು ಮಾತ್ರ ಕನ್ನಡ. ಆಗಿನ ಫೋನಿಗೆ ಕನ್ನಡವೇ ಗೊತ್ತಿರಲಿಲ್ಲ. ಅಕ್ಷರಗಳನ್ನು ಒಂದೊಂದೇ ಚಿತ್ರವಾಗಿ ಕತ್ತರಿಸಿ, ಸಾಲಾಗಿ ಜೋಡಿಸಿ ಒಳಗೆ ಇಡಬೇಕಿತ್ತು. ಗಂಟು ಪೂರ್ತಿ ಅರವತ್ತನಾಲ್ಕು ಕೆಬಿ ಮೀರಿದರೆ ಅಗ್ಗದ ಫೋನುಗಳು ಮುಖ ತಿರುಗಿಸುತ್ತಿದ್ದವು. ಈಗ ನೀವು ಕಳಿಸುವ ಒಂದು ಹಬ್ಬದ ಶುಭಾಶಯದ ಚಿತ್ರಕ್ಕೂ ಅದು ಸಾಲದು. ಅಷ್ಟರಲ್ಲಿ ಗಾಳಿ, ದರ, ಪುಸ್ತಕ, ಕನ್ನಡದ ಅಕ್ಷರಮಾಲೆ, ಒತ್ತಕ್ಷರ, ಎಲ್ಲ ಹಿಡಿಸಬೇಕು! ಮೀನುಗಾರರಿಗೆ ಎಂದೂ ಬೇಡದ ಅಕ್ಷರ ಯಾವುದು ಎಂದು ಹುಡುಕಿ ಹುಡುಕಿ ಕಿತ್ತು ಹಾಕಿದೆ. 'ಖ'ಕ್ಕೆ ಎಲ್ಲೂ ಒತ್ತು ಬೇಡವೆಂದು ತೆಗೆದರೆ ಹದಿನೆಂಟು ಬೈಟು ಉಳಿಯಿತು ಎಂದು ಅರ್ಧ ದಿನ ಸಂಭ್ರಮಪಟ್ಟದ್ದುಂಟು.

ಮೊದಲ ಸಲ ಆ ಪುಟ್ಟ ಪರದೆಯ ಮೇಲೆ 'ಗಾಳಿ' ಎಂಬ ಎರಡಕ್ಷರ ಮೂಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಹೊಂದಿಸಿದ ಲಗ್ನಪತ್ರಿಕೆಗಳು ಸಾವಿರ ಇದ್ದಾವು, ಒಂದೂ ನನ್ನನ್ನು ಹಾಗೆ ಹಿಡಿದು ಕೂರಿಸಿರಲಿಲ್ಲ. ಕಲ್ಲಿನಂಥ ಯಂತ್ರ ನಮ್ಮ ಮಾತು ಆಡಿತಲ್ಲ ಎಂದು ಸುಮ್ಮನೆ ನೋಡುತ್ತ ಕೂತೆ.

ಈಗ ಗಂಟಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎರಡು ಫೈಲು ಇರುತ್ತಿದ್ದವು. ಒಂದು, ಸಾಮಾನೆಲ್ಲ ತುಂಬಿದ ಗಂಟು. ಇನ್ನೊಂದು, ಆ ಗಂಟಿಗೆ ಅಂಟಿಸಿದ ಚೀಟಿಯಂಥದ್ದು: ಆ್ಯಪಿನ ಹೆಸರೇನು, ಕೊಟ್ಟವರು ಯಾರು, ಎಷ್ಟನೆಯ ಆವೃತ್ತಿ, ಗಂಟಿನ ತೂಕ ಎಷ್ಟು ಬೈಟು. ಫೋನು ಮೊದಲು ಚೀಟಿ ಓದುತ್ತದೆ, ಆಮೇಲೆ ಗಂಟು ಬಿಚ್ಚುತ್ತದೆ. ಚೀಟಿಯಲ್ಲಿ ಬರೆದ ತೂಕಕ್ಕೂ ಗಂಟಿನ ತೂಕಕ್ಕೂ ಒಂದೇ ಒಂದು ಬೈಟು ಹೆಚ್ಚುಕಮ್ಮಿಯಾದರೂ 'ಫೈಲ್ ಸರಿಯಿಲ್ಲ' ಎಂದು ಬಾಗಿಲು ಹಾಕಿಕೊಳ್ಳುತ್ತದೆ.

ಇದು ನನಗೆ ಗೊತ್ತಾದದ್ದು ಹಣಕೋಣದಲ್ಲಿ, ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಮೂವತ್ತು ಹೆಂಗಸರ ಎದುರಿಗೆ. ಹೊರಡುವ ಮುಂಚೆ ಆ್ಯಪಿನ ಚಿತ್ರದಲ್ಲಿ ಮೀನಿನ ಬಾಲ ಡೊಂಕಾಗಿ ಕಂಡಿತು ಎಂದು ಸರಿ ಮಾಡಿ, ಚೀಟಿ ಬದಲಿಸುವುದು ಮರೆತಿದ್ದೆ. ಒಂದು ಫೋನಿಗೂ ಹೋಗಲಿಲ್ಲ. ಮಧ್ಯಾಹ್ನದವರೆಗೆ ಕೇಬಲ್ಲು ತೆಗೆದು, ಹಾಕಿ, ಫೋನು ಕುಲುಕಿ, ಬೆವರು ಒರೆಸಿಕೊಂಡೆ. ಒಬ್ಬ ಮುದುಕಿ ನನ್ನ ಬೆನ್ನು ಸವರಿ, "ಪಾಪ, ಬಿಡೇ ತಂಗಿ. ಅದಕ್ಕೆ ಇಂದು ಮನಸಿಲ್ಲ ಕಾಣ್ತದೆ" ಎಂದಳು.

ನಮ್ಮ ಮೇಲಿನವರು ಪೆಡ್ನೇಕರ ಸರ್. ಮಲ್ಲಾಪುರದ ಅಣುಸ್ಥಾವರದ ಕಾಲೊನಿಯಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿ ಬಂದವರು. ದನಿ ಏರಿಸಿದ್ದು ಒಮ್ಮೆಯೂ ಕೇಳಿಲ್ಲ. ಹಣಕೋಣದ ಕಥೆ ಕೇಳಿ ಬೈಯಲಿಲ್ಲ. ಒಂದು ದಪ್ಪ ರಿಜಿಸ್ಟರು ತಂದಿಟ್ಟರು. ಅಂದಿನಿಂದ ಗಂಟು ಕಟ್ಟುವಾಗ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಿ "ಹೌದು" ಎನ್ನಬೇಕು, ಆಮೇಲೆ ಸಹಿ. "ಲತಾಬಾಯಿ, ಕಣ್ಣು ಅದಕ್ಕೆ ಬೇಕಾದ್ದನ್ನೇ ಕಾಣುತ್ತದೆ. ಕಿವಿ ಹಾಗಲ್ಲ" ಎಂದರು. ಶಾಲೆ ಮಕ್ಕಳ ಮಗ್ಗಿಯ ಹಾಗೆ ನಾವಿಬ್ಬರು ಬೈಟುಗಳನ್ನು ಕೂಗುವುದು ಕೇಳಿ ಕೆಳಗಿನ ಡಿಟಿಪಿಯವರು ನಗುತ್ತಿದ್ದರು.

ಸಿಗ್ನಲ್ಲು ಇಲ್ಲದಾಗ ಆ್ಯಪ್ ತೆರೆಯುತ್ತದೋ ಇಲ್ಲವೋ ನೋಡಲು ನನ್ನನ್ನು ಬಸ್ಸು ಹತ್ತಿಸಿ ರಾಮನಗುಳಿಗೆ ಕಳಿಸುತ್ತಿದ್ದರು. ಅಲ್ಲಿ ಆಗ ಸಿಗ್ನಲ್ಲಿನ ಸುಳಿವೇ ಇರಲಿಲ್ಲ. ಬಸ್‌ಸ್ಟಾಪಿನಲ್ಲಿ ಆರು ಫೋನು ಸಾಲಾಗಿ ಹರಡಿಕೊಂಡು ಕೂತವಳನ್ನು ಕಂಡು, ಕದ್ದ ಮಾಲೇ ಇರಬೇಕು ಎಂದು ಜನ ದೂರ ನಿಲ್ಲುತ್ತಿದ್ದರು.

ಇಷ್ಟೆಲ್ಲ ಜಾಗ್ರತೆ ಮಾಡುವವಳು ನಾನು ಎಂದು ನನಗೆ ಸಣ್ಣ ಸೊಕ್ಕೂ ಬಂದಿತ್ತು. ಅಂಥ ಹೊತ್ತಿನಲ್ಲೇ ಪಾಂಡಣ್ಣನ ಗುರ್ತುಗಳನ್ನು ಕಳೆದೆ.

ಪಾಂಡು ಹರಿಕಂತ್ರ, ಕೇಣಿಯವನು. ಐವತ್ತೈದರ ಆಸುಪಾಸು. ಒಂದು ಪಾತಿ ದೋಣಿ, ಅದರ ಹಿಂದೆ ಸಣ್ಣ ಎಂಜಿನು. ಹೆಂಡತಿ ಶೇವಂತಕ್ಕ ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು. ಅವಳ ಬಾಯಿಗೆ ಇಡೀ ಪೇಟೆಯೇ ಹೆದರುತ್ತದೆ. ಒಬ್ಬಳೇ ಮಗಳು ಸುಮಿತ್ರಾ. ಅವಳು ಐಸ್ ಫ್ಯಾಕ್ಟರಿಯ ಕೆಲಸ ಬಿಟ್ಟು ಆ ವರ್ಷವಷ್ಟೇ ಅಪ್ಪನ ಜೊತೆ ದೋಣಿ ಹತ್ತಲು ಶುರು ಮಾಡಿದ್ದಳು. ಹೆಂಗಸು ದೋಣಿ ಹತ್ತುವುದೆಂದರೇನು ಎಂದು ಕೆಲವರು ಗೊಣಗಿದರು. ಶೇವಂತಕ್ಕ ಪೇಟೆಯಲ್ಲಿ ನಿಂತು ಎರಡು ಮಾತು ಆಡಿದ ಮೇಲೆ ಗೊಣಗುವುದು ನಿಂತಿತು.

ಗುರ್ತು ಎಂದರೆ ಏನೆಂದು ನನಗೆ ಹೇಳಿಕೊಟ್ಟವನು ಪಾಂಡಣ್ಣನೇ, ಅದೂ ಅರ್ಧ. ಸಮುದ್ರದ ಅಡಿಯಲ್ಲಿ ಅಲ್ಲಲ್ಲಿ ಕಲ್ಲಿನ ಹಾಸು ಇರುತ್ತದೆ. ಒಳ್ಳೆಯ ಮೀನು ಅಲ್ಲಿ. ಮೇಲಿನಿಂದ ನೋಡಿದರೆ ಎಲ್ಲ ಕಡೆಯೂ ಬರೀ ನೀರು. ದೊಡ್ಡ ಬೋಟಿನವರು ಜಿಪಿಎಸ್ ಇಟ್ಟುಕೊಂಡಿದ್ದರು, ಪಾತಿಯವರಿಗೆ ಗುಡ್ಡಗಳೇ ಜಿಪಿಎಸ್ಸು. ದಡದ ಒಂದು ಮರ ಹಿಂದಿನ ಗುಡ್ಡದ ತುದಿಗೆ ಸರಿಯಾಗಿ ಹೊಂದಬೇಕು. ಬೇರೊಂದು ಕಡೆ ಇನ್ನೊಂದು ಬಂಡೆ ಇನ್ನೊಂದು ಗುಡ್ಡದ ಸಂದಿಗೆ ಹೊಂದಬೇಕು. ಎರಡೂ ಏಕಕಾಲಕ್ಕೆ ಹೊಂದಿದ ಜಾಗವೇ ಗುರ್ತು. ಎಂಟು ಹತ್ತು ಮೈಲಿ ದೂರದ ನೀರಿನಲ್ಲಿ, ಒಂದು ಅಂಗಳದಷ್ಟು ಕಲ್ಲನ್ನು ಬರೀ ಕಣ್ಣಿನಿಂದ ಹಿಡಿಯುವುದು!

ಬೇರೆ ಮೀನುಗಾರರು ನಮ್ಮ ಆ್ಯಪಿನಲ್ಲಿ ಗಾಳಿ, ದರ ನೋಡುತ್ತಿದ್ದರೇ ಹೊರತು ಪುಸ್ತಕವನ್ನು ತೆರೆದೂ ನೋಡಿರಲಿಲ್ಲ. ಪಾಂಡಣ್ಣ ಒಬ್ಬನೇ ಕೇಳಿದ: "ಅಕ್ಕೋರೇ, ಇದ್ರಲ್ಲಿ ಬರ್ದದ್ದು ಮತ್ತ್ಯಾರಿಗೂ ಕಾಣೂದಿಲ್ಲ ಅಲ್ವಾ?" ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು, ಕನ್ನಡದ ಅಕ್ಷರ ಒತ್ತುವುದು ಕಲಿಸಿದೆನಲ್ಲ, ಅವನ ಪಾಲಿಗೆ ನಾನೂ ಅಕ್ಕೋರೇ.

"ಇಲ್ಲ. ನಿಮ್ಮ ಫೋನಲ್ಲೇ ಇರ್ತದೆ. ನನಗೂ ಕಾಣೂದಿಲ್ಲ."

"ನೀರು ಬಿದ್ರೆ?"

"ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಿ."

ಅಷ್ಟೇ ನಮ್ಮ ಒಪ್ಪಂದ. ಎರಡು ಹಂಗಾಮು ಅವನು ಒಂದೊಂದೇ ಗುರ್ತನ್ನು ಅಲ್ಲಲ್ಲೇ, ದೋಣಿ ನಿಲ್ಲಿಸಿ, ಒಂದೊಂದು ಅಕ್ಷರಕ್ಕೂ ನಾಲ್ಕು ಸಲ ಗುಂಡಿ ಒತ್ತಿ ಬರೆದ. ನಾಲ್ಕನೇ ಇಯತ್ತೆ ಓದಿದ ಕೈ. ಒಂದು ಗುರ್ತಿಗೆ ಕಾಲು ಗಂಟೆ ಹಿಡಿಯುತ್ತಿತ್ತಂತೆ. ಇಪ್ಪತ್ಮೂರು ಗುರ್ತು. ಅವನಿಗೆ ಅವಸರ ಯಾಕಿತ್ತು ಎಂದರೆ ಸಕ್ಕರೆ ಕಾಯಿಲೆ ಕಣ್ಣಿಗೆ ಹತ್ತಿತ್ತು. ಹೋದ ನೋಟ ವಾಪಸು ಬರುವುದಿಲ್ಲ ಎಂದು ಕಾರವಾರದ ಡಾಕ್ಟರು ಹೇಳಿಬಿಟ್ಟಿದ್ದರು. ಗುಡ್ಡಗಳು ಮಸುಕಾಗುವುದರೊಳಗೆ ಮಗಳಿಗೆ ಎಲ್ಲ ಬರೆದಿಡಬೇಕು ಎಂಬುದು ಅವನ ಹಟ. ಅವನಿಗಿದ್ದ ಆಸ್ತಿ ಅದೊಂದೇ, ಅವನಪ್ಪ ಅವನಿಗೆ ಕೊಟ್ಟದ್ದೂ ಅದನ್ನೇ.

ಆ ಬೇಸಿಗೆಯಲ್ಲಿ ಸಂಘಕ್ಕೆ ಹೊಸ ಹೆಸರು ಇಟ್ಟರು. ಅಧ್ಯಕ್ಷರು ಮೊದಲ ಪರದೆಯಲ್ಲಿ ಹೊಸ ಹೆಸರು ಬರಬೇಕು ಎಂದರು. ಅದು ನ್ಯಾಯವೇ. ನಾನು ಅತಿ ಶಾಣ್ಯಾತನ ಮಾಡಿ, ಚೀಟಿಯಲ್ಲಿ 'ಕೊಟ್ಟವರು' ಎಂದಿದ್ದಲ್ಲಿಯೂ ಹೊಸ ಹೆಸರೇ ಬರೆದೆ. ಓದುವಾಗ ಗಟ್ಟಿಯಾಗಿ ಓದಿದೆ, ಸರ್ "ಹೌದು" ಎಂದರು, ಇಬ್ಬರೂ ಸಹಿ ಹಾಕಿದೆವು. ಬರೆದದ್ದು ಬರೆದ ಹಾಗೇ ಇದೆಯೇ ಎಂದು ನೋಡುವುದನ್ನಷ್ಟೇ ನಮ್ಮ ರಿಜಿಸ್ಟರು ಕಲಿಸಿತ್ತು. ಅದನ್ನು ಬರೆಯಬಹುದೇ ಎಂದು ಕೇಳುವುದನ್ನು ಕಲಿಸಿರಲಿಲ್ಲ.

ಫೋನಿನ ಲೆಕ್ಕ ಬೇರೆ. ಕೊಟ್ಟವರ ಹೆಸರು ಬದಲಾಯಿತೋ, ಇದು ಹಳೆಯದರ ಹೊಸ ಆವೃತ್ತಿಯಲ್ಲ, ಬೇರೆ ಯಾರದೋ ಬೇರೆ ಆ್ಯಪ್ ಎಂದು ತಿಳಿಯುತ್ತದೆ. ಕೇಣಿಯ ಸಂಘದ ಶೆಡ್ಡಿನಲ್ಲಿ ಕೇಬಲ್ಲು ಚುಚ್ಚಿದ ಮೊದಲ ಫೋನೇ 'ಜಾಗ ಸಾಲದು' ಎಂದಿತು. ಎರಡು ಆ್ಯಪ್ ಹಿಡಿಯುವಷ್ಟು ಹೊಟ್ಟೆ ಅವಕ್ಕೆಲ್ಲಿತ್ತು? ಸರಿ, ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದರಾಯಿತು ಎಂದುಕೊಂಡೆ. ಅಳಿಸುವಾಗ ಫೋನು ಇಂಗ್ಲಿಷಿನಲ್ಲಿ ಕೇಳುತ್ತಿತ್ತು: ಇದರ ಜೊತೆ ಇದರೊಳಗಿನ ಮಾಹಿತಿಯೂ ಹೋಗುತ್ತದೆ, ಅಳಿಸಲೇ? ಅಂದು ಬೆಳಿಗ್ಗೆ ನಾನು ಅದಕ್ಕೆ ಮೂವತ್ತು ಸಲ 'ಹೌದು' ಒತ್ತಿದ್ದೆ. ಪಾಂಡಣ್ಣನ ಫೋನು ಮೂವತ್ತೊಂದನೆಯದು.

ಅವನು ಎದುರಿಗೇ ನಿಂತಿದ್ದ. ಪ್ಲಾಸ್ಟಿಕ್ ಕೊಟ್ಟೆಯಿಂದ ತಾನೇ ಬಿಚ್ಚಿ, ಪಂಚೆಗೆ ಒರೆಸಿ ಕೊಟ್ಟಿದ್ದ.

ಅವನಿಗೆ ಆಗ ಗೊತ್ತಾಗಲಿಲ್ಲ, ನನಗೂ. ಆಫೀಸಿಗೆ ಬಂದು ರಿಜಿಸ್ಟರು ಬರೆಯುವಾಗ ಪೆನ್ನು ನಿಂತುಬಿಟ್ಟಿತು. ಅಳಿಸಿದ ಮಾಹಿತಿಯಲ್ಲಿ ಪಾಂಡಣ್ಣನ ಪುಸ್ತಕವೂ ಇತ್ತು. ಹುಬ್ಬಳ್ಳಿಗೆ ಫೋನು ಮಾಡಿದೆ. ಅಳಿಸಿದ ಮೇಲೆ ಮುಗಿಯಿತು, ಬ್ರಹ್ಮ ಬಂದರೂ ತೆಗೆಯಲು ಬರುವುದಿಲ್ಲ ಎಂದರು. ಪೆಡ್ನೇಕರ ಸರ್ ಎದುರಿಗೆ ಹೋಗಿ ನಿಂತು ಅತ್ತೇಬಿಟ್ಟೆ. ಅವರು ನನ್ನನ್ನು ಅಳಲು ಬಿಟ್ಟರು. ಆಮೇಲೆ ರಿಜಿಸ್ಟರು ತೆರೆದು, "ಯಂತ್ರದ ತಪ್ಪು ಎಂದು ಬರೆಯಬೇಡಿ. ನಿಮ್ಮ ಹೆಸರು ಬರೆಯಿರಿ. ಕೆಳಗೆ ನನ್ನದೂ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಹೋಗಿ ಅವರಿಗೆ ಹೇಳಿ ಬನ್ನಿ" ಎಂದರು.

ಚೀಟಿಯನ್ನು ಅಂದೇ ಸರಿ ಮಾಡಿದೆ. ಹಳೆಯ ಹೆಸರನ್ನೇ ಮರಳಿ ಬರೆದೆ. ಆ ಹೆಸರಿನ ಸಂಘವೇ ಈಗ ಇಲ್ಲ ಎಂದು ಅಧ್ಯಕ್ಷರು ಸಿಟ್ಟಾದರೂ ಅಲ್ಲಿಂದ ಮುಂದೆ ಬದಲಿಸಲಿಲ್ಲ. ಬರೆದದ್ದನ್ನು ಇನ್ನೊಂದು ಫೋನಿಗೆ ಮೆಸೇಜಾಗಿ ಕಳಿಸುವ ಒಂದು ಗುಂಡಿಯನ್ನೂ ಹುಬ್ಬಳ್ಳಿಯವರಿಂದ ಜಗಳ ಮಾಡಿ ಹಾಕಿಸಿದೆ. ಈ ಕಸುಬಿಗೆ ಬರುವವರಿಗೆ ನಾನು ಹೇಳುವುದು ಇದೊಂದೇ: ಚೀಟಿಯ ಹೆಸರು ನಮ್ಮ ಮರ್ಯಾದೆಗಾಗಿ ಇರುವುದಲ್ಲ. ಆ ಹೆಸರನ್ನು ನಂಬಿ ಒಳಗೆ ಯಾರು ಏನು ಇಟ್ಟಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಈಗ ಫೋನು ಬದಲಾಗಿವೆ, ಅರವತ್ತನಾಲ್ಕು ಕೆಬಿ ಹೋಯಿತು, ಕೇಬಲ್ಲು ಹೋಯಿತು. ಇದು ಮಾತ್ರ ಹೋಗಿಲ್ಲ.

ಮರುದಿನ ಕೇಣಿಗೆ ಹೋದಾಗ ಪಾಂಡಣ್ಣ ದಂಡೆಯಲ್ಲಿ ಬಲೆ ಬಿಡಿಸುತ್ತ ಕೂತಿದ್ದ. ಶೇವಂತಕ್ಕ ಪೇಟೆಗೆ ಹೊರಟು ಬುಟ್ಟಿ ಎತ್ತುವವಳಿದ್ದಳು. ಹೇಳಿದೆ. ಹೇಗೆ ಹೇಳಿದೆನೋ ನನಗೇ ನೆನಪಿಲ್ಲ.

ಶೇವಂತಕ್ಕನ ಬುಟ್ಟಿ ಕೆಳಗೆ ಬಿತ್ತು. "ಎಂತಾ ಮಾಡಿಟ್ರಿ ಅಕ್ಕೋರೇ! ಎರಡು ವರ್ಷ ಇವ್ರು ಆ ಡಬ್ಬಿ ಮೇಲೆ ಬಗ್ಗಿ ಕೂತದ್ದು ನಂಗೆ ಗೊತ್ತದೆ. ಇದನ್ನ ನೋಡಿ ನೋಡಿಯೇ ನಿಮ್ಮ ಕಣ್ಣು ಹೋತು ಅಂತ ನಾ ಇವ್ರಿಗೆ ದಿನಾ ಬೈತಿದ್ದೆ. ಕಣ್ಣೂ ಹೋತು, ಬರ್ದದ್ದೂ ಹೋತು. ಈಗ ಈ ಹುಡಗಿ ಎಂತಾ ಮಾಡ್ಬೇಕು, ಹೇಳಿ!"

ನಾನು ತಲೆ ತಗ್ಗಿಸಿದೆ. ಹೇಡಿಯ ಹಾಗೆ ಒಂದು ಉಪಾಯ ಹೇಳಿದೆ: "ಪಾಂಡಣ್ಣ, ನಿಮಗೆ ನೆನಪಿದ್ದಷ್ಟು ಹೇಳಿ. ಇಲ್ಲೇ ಕೂತು ಎಲ್ಲ ಬರ್ಕೊಡ್ತೆ."

ಅವನು ಮುಖ ಎತ್ತಿ ನೋಡಿದ ರೀತಿಗೆ, ಏನೋ ಆಡಬಾರದ ಮಾತು ಆಡಿದೆ ಎಂದು ಗೊತ್ತಾಯಿತು. "ದಡದ ಮೇಲೆ ಗುರ್ತು ಹೇಳೂದಲ್ಲ" ಎಂದ. ಅವನಪ್ಪ ಹೇಳಿರಲಿಲ್ಲ, ಅಜ್ಜ ಹೇಳಿರಲಿಲ್ಲ. ಗುರ್ತನ್ನು ಗುರ್ತಿನ ಮೇಲೆಯೇ ನಿಂತು ಹೇಳಬೇಕು. ಅಪ್ಪ ಒಂದು ಮಾತೂ ಆಡದೆ ಗದ್ದ ಹಿಡಿದು ಇವನ ಮುಖವನ್ನು ಗುಡ್ಡದ ಕಡೆಗೆ ತಿರುಗಿಸುತ್ತಿದ್ದನಂತೆ.

"ಮಿರ್ಗಕ್ಕೆ ಎಷ್ಟು ದಿನ ಉಳೀತೇ?" ಎಂದು ಹೆಂಡತಿಯನ್ನು ಕೇಳಿದ. ಮಿರ್ಗದ, ಎಂದರೆ ಮೃಗಶಿರಾ ಮಳೆ ಹಿಡಿದರೆ ಪಾತಿಗಳನ್ನು ಮೇಲೆ ಎಳೆದಿಡುತ್ತಾರೆ. ಮತ್ತೆ ಸಮುದ್ರ ಕಾಣುವುದು ಶ್ರಾವಣದ ನಾರಳಿ ಹುಣ್ಣಿಮೆಯ ಹೊತ್ತಿಗೆ, ಅಷ್ಟರಲ್ಲಿ ಅವನ ಕಣ್ಣಿನಲ್ಲಿ ಏನು ಉಳಿದಿರುತ್ತದೋ ಯಾರಿಗೆ ಗೊತ್ತು.

"ಹದಿನೆಂಟೋ ಇಪ್ಪತ್ತೋ" ಎಂದಳು.

ಅವನು ನನ್ನ ಕಡೆ ತಿರುಗಿದ. "ನಾಳಿಂದ ಬರ್ರಿ ನೀವೂ. ಅಳಿಸಿದ ಕೈಯೇ ಬರೀಲಿ."

ಹೋದೆ. ಬೆಳಗಿನ ಮೊದಲ ಬಸ್ಸಿಗೆ ಅಂಕೋಲೆಯಿಂದ ಕೇಣಿ, ಅಲ್ಲಿಂದ ದೋಣಿ. ಸುಮಿತ್ರಾ ಎಂಜಿನು ಹಿಡಿದು ಹಿಂದೆ, ಪಾಂಡಣ್ಣ ಮುಂದೆ, ನಡುವೆ ಫೋನು ಹಿಡಿದ ನಾನು. ಮೊದಲ ದಿನ ಹೊಟ್ಟೆಯಲ್ಲಿದ್ದದ್ದೆಲ್ಲ ಸಮುದ್ರಕ್ಕೆ ಕೊಟ್ಟೆ. ಪಾಂಡಣ್ಣನದೊಂದು ಷರತ್ತು: ನಾನು ದಡಕ್ಕೆ ಬೆನ್ನು ಹಾಕಿ ಕೂರಬೇಕು. ಅವನು ಹೇಳಿದ್ದನ್ನು ಬರೆಯಬಹುದು, ಗುಡ್ಡ ನೋಡಬಾರದು. ಹೀಗೆ ಅಷ್ಟೂ ದಿನ ನಾನು ನೋಡಿದ್ದು ಕೊನೆಯಿಲ್ಲದ ನೀರನ್ನು, ಕೇಳಿದ್ದು ಅಪ್ಪ ಮಗಳ ಮಾತನ್ನು.

"ಅಪ್ಪಾ, ಅಜ್ಜಿ ಕಾಣ್ತು."

"ನಿಂತದೋ, ಬಗ್ಗಿದದೋ?"

"ಬಗ್ತಾ ಅದೆ. ಕೊಂಬು ಈಗ ಹೊರಗೆ ಬಂತು. ಒಂದು ಬೆರಳು... ಎರಡು ಬೆರಳು."

"ನಿಲ್ಸು."

ಅಜ್ಜಿ ಯಾವ ಗುಡ್ಡವೋ, ಕೊಂಬು ಯಾವ ಮರವೋ! ಊರಿನವರು ಕರೆಯುವ ಹೆಸರುಗಳಲ್ಲ ಅವು, ಆ ಮನೆಯವರೊಳಗಿನ ಹೆಸರು. ಆಮೇಲೆ ಅವನು ಸೀಸದ ಗುಂಡಿನ ಅಡಿಗೆ ಸಾಬೂನು ಮೆತ್ತಿ, ಹಗ್ಗ ಬಿಟ್ಟು ಮಾರು ಲೆಕ್ಕ ಹಾಕುತ್ತಿದ್ದ. ಮೇಲೆ ಎಳೆದರೆ ಸಾಬೂನಿಗೆ ಸಮುದ್ರದ ನೆಲ ಅಂಟಿಕೊಂಡು ಬರುತ್ತಿತ್ತು. ಅದನ್ನು ಬೆರಳಲ್ಲಿ ತಿಕ್ಕಿ, ಮೂಸಿ ಹೇಳುತ್ತಿದ್ದ, ನಾನು ಒತ್ತುತ್ತಿದ್ದೆ: 'ಅಜ್ಜಿ ಬಗ್ಗಿದಾಗ ಕೊಂಬು ಎರಡು ಬೆರಳು ಹೊರಗೆ. ಹನ್ನೊಂದು ಮಾರು. ಕಪ್ಪು ಜಲ್ಲಿ.' ನಾನು ಜೋಡಿಸಿದ ಅಕ್ಷರಗಳು, ನಾನು ಬೈಟು ಎಣಿಸಿದ ಪುಸ್ತಕ. ಇಷ್ಟು ವರ್ಷ ನಾನು ಏನನ್ನು ಹೊತ್ತು ತಿರುಗುತ್ತಿದ್ದೆ ಎಂಬುದು ಆ ದೋಣಿಯಲ್ಲಿ ಗೊತ್ತಾಯಿತು.

ಒಂದು ದಿನ ಸುಮಿತ್ರಾ ಎಂಜಿನು ನಿಲ್ಲಿಸಿ, "ಇಲ್ಲೇ ಅಪ್ಪಾ, ಎರಡೂ ಹೊಂದ್ತು" ಎಂದಳು. ಅಷ್ಟು ದೂರಕ್ಕೆ ಅವನಿಗೆ ಗುಡ್ಡ ಕಾಣುತ್ತಲೇ ಇರಲಿಲ್ಲ. ದೋಣಿಯ ಹಲಗೆಯ ಮೇಲೆ ಅಂಗೈ ಊರಿದ. "ಅಲ್ಲ. ತೆರೆ ಇನ್ನೂ ಉದ್ದ ಅದೆ. ಕಲ್ಲಿನ ಮೇಲೆ ಬಂದ್ರೆ ಗಿಡ್ಡ ಆಗ್ತದೆ. ಮತ್ತೊಮ್ಮೆ ಸರಿಯಾಗಿ ನೋಡು." ಅವಳು ನೋಡಿದಳು, ಒಂದು ಮರದ ಬದಲು ಪಕ್ಕದ ಮರ ಹಿಡಿದಿದ್ದಳು. ಸ್ವಲ್ಪ ಮುಂದೆ ಹೋಗಿ ಗುಂಡು ಬಿಟ್ಟರೆ ಅದು ಕಲ್ಲಿಗೆ ಬಡಿದದ್ದು ಹಗ್ಗ ಮುಟ್ಟಿದ್ದ ನನ್ನ ಕೈಗೂ ತಿಳಿಯಿತು. ನೀರಿನ ಅಡಿ ಹನ್ನೊಂದು ಮಾರು ಕೆಳಗಿನ ಕಲ್ಲು, ಮೇಲೆ ಕೂತ ಒಬ್ಬನ ಅಂಗೈಗೆ ಗೊತ್ತಾಗುತ್ತದೆ ಎಂದರೆ ನಾನೇನು ಹೇಳಲಿ! ಕೈ ಮುಗಿಯಬೇಕು ಅನ್ನಿಸಿತು, ನಾಚಿಕೆಯಿಂದ ಮುಗಿಯಲಿಲ್ಲ. ಸುಮಿತ್ರಾ ಅಂದಿನಿಂದ ತಾನೂ ಹಲಗೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಎಂಜಿನು ನಡೆಸಿದಳು.

ಗಾಳಿಯ ದಿನ ಬಿಟ್ಟು, ಮೋಡದ ದಿನ ಬಿಟ್ಟು, ಇಪ್ಪತ್ತೆರಡು ಗುರ್ತು ಸಿಕ್ಕಿದವು. ಪ್ರತಿ ಸಲ ದಡಕ್ಕೆ ಬಂದ ಕೂಡಲೇ ಮಗಳ ಫೋನಿಗೂ ಒಂದು ಪ್ರತಿ ಕಳಿಸಿ, ಎರಡನ್ನೂ ತೆರೆದು ತಾಳೆ ನೋಡಿ, ಆಮೇಲೇ ಬಸ್ಸು ಹತ್ತುತ್ತಿದ್ದೆ. ಉಳಿದದ್ದು ಒಂದೇ, ಎಲ್ಲಕ್ಕಿಂತ ದೂರದ್ದು. ಅಪ್ಪ ತನಗೆ ಕಟ್ಟಕಡೆಗೆ ತೋರಿಸಿದ್ದು ಅದು ಎಂದಿದ್ದ ಪಾಂಡಣ್ಣ.

ಹೊರಟ ಬೆಳಿಗ್ಗೆ ನೈಋತ್ಯದಲ್ಲಿ ಮೋಡ ಕಟ್ಟಿತ್ತು. ನಮ್ಮದೇ ಆ್ಯಪು ಮಧ್ಯಾಹ್ನದ ಮೇಲೆ ಗಾಳಿ ಎಂದು ಹೇಳಿತ್ತು. ಶೇವಂತಕ್ಕ ದಂಡೆಗೆ ಬಂದು ನಿಂತಳು, ಬೈಯಲಿಲ್ಲ. "ಹತ್ತು ಗಂಟೆಗೆ ತಿರುಗಿ ಬಿಡ್ರಿ, ಸಿಕ್ಲಿ ಸಿಗದೇ ಇರ್ಲಿ" ಎಂದಳು, ಅಷ್ಟೇ.

ಅಂದು ಪಾಂಡಣ್ಣ ಗುಡ್ಡದ ಹೆಸರೇ ಎತ್ತಲಿಲ್ಲ. ಯಾವ ದಿಕ್ಕಿಗೆ ಹೋಗಬೇಕು ಎಂದಷ್ಟೇ ಕೈ ತೋರಿಸಿದ. ಬೆಳಕು ಮಂಕಾಗಿತ್ತು, ಅವನು ಎರಡು ಸಲ ಕಣ್ಣು ಉಜ್ಜಿಕೊಂಡು, ಮತ್ತೆ ಉಜ್ಜುವುದನ್ನು ಬಿಟ್ಟ. ಈ ಒಂದು ಸಿಗದಿದ್ದರೆ ಅದು ನಾನು ಕಳೆದದ್ದು, ನನ್ನ ಬೆರಳು ಕಳೆದದ್ದು. ಗಡಿಯಾರ ಒಂಬತ್ತೂವರೆ ದಾಟಿತು. ನೀರು ಬಣ್ಣ ಬದಲಿಸುತ್ತಿತ್ತು.

ಇದ್ದಕ್ಕಿದ್ದಂತೆ ಎಂಜಿನು ನಿಂತಿತು.

ಪಾಂಡಣ್ಣ ನಿಲ್ಲಿಸು ಎಂದಿರಲಿಲ್ಲ. ಕೈ ಎತ್ತಲು ಹೊರಟವನು ಅರ್ಧಕ್ಕೇ ನಿಂತು ಹಿಂದೆ ತಿರುಗಿದ. ಗುಡ್ಡದ ಕಡೆ ಕಣ್ಣೆತ್ತದೆ ನಾನೂ ತಿರುಗಿದೆ. ಸುಮಿತ್ರಾಳ ಅಂಗೈ ಹಲಗೆಯ ಮೇಲಿತ್ತು.

"ತೆರೆ ಗಿಡ್ಡ ಆತು ಅಪ್ಪಾ" ಎಂದಳು. ಆಮೇಲೆ ದಡದ ಕಡೆ ನೋಡಿ, ತನಗೇ ಹೇಳಿಕೊಳ್ಳುವ ಹಾಗೆ, ಏನೋ ಎರಡು ಹೆಸರು ಮೆಲ್ಲಗೆ ಹೇಳಿದಳು. ಅವು ನಾನು ಅದುವರೆಗೆ ಕೇಳದ ಹೆಸರುಗಳು. ಅಪ್ಪ ಹೇಳಿಕೊಟ್ಟದ್ದಲ್ಲ, ಅವಳೇ ಇಟ್ಟದ್ದು.

ಪಾಂಡಣ್ಣ ಗುಂಡು ಬಿಟ್ಟ. ಮಾರು ಎಣಿಸುವಾಗ ಅವನ ತುಟಿ ಅಲ್ಲಾಡುತ್ತಿದ್ದದ್ದು ಕಾಣುತ್ತಿತ್ತು. ಮೇಲೆ ಎಳೆದ. ಸಾಬೂನಿಗೆ ಕಪ್ಪು ಜಲ್ಲಿ, ಅದರ ನಡುವೆ ಕೆಂಪನೆಯ ಒಂದು ಚಿಪ್ಪಿನ ಚೂರು. ಅದನ್ನು ಹೆಬ್ಬೆರಳಲ್ಲಿ ಬಹಳ ಹೊತ್ತು ತಿಕ್ಕಿದ. ನಾನು ಪುಸ್ತಕ ತೆರೆದು, ಹೊಸ ಪುಟ ತೆಗೆದು, ಬೆರಳು ಗುಂಡಿಯ ಮೇಲಿಟ್ಟು ಕಾದೆ.

"ಹೇಳಿ ಪಾಂಡಣ್ಣ" ಎಂದೆ.

ಅವನು ಕೈ ಚಾಚಿ ನನ್ನಿಂದ ಫೋನು ತೆಗೆದುಕೊಂಡ. ಕೊಟ್ಟೆಯೊಳಗೆ ಹಾಕಿ ಗಂಟು ಬಿಗಿದ.

"ಇದನ್ನ ಬರೀಬ್ಯಾಡ್ರಿ ಅಕ್ಕೋರೇ" ಎಂದ. "ಇದು ನಮ್ಮ ಹುಡಗಿಗೆ ಗೊತ್ತದೆ."